ಬಜೆ ಬೆಳೆಸುವುದು ಸುಲಭ, ಬಳಸುವಾಗ ಹುಷಾರು

ನೀರು ಜಾಸ್ತಿಯಾಗಿ ಗಿಡ ಕೊಳೆತುಹೋಯಿತು ಎಂದು ಕೊರಗುವವರಿಗೆ ಹೇಳಿ ಮಾಡಿಸಿದ್ದು ಬಜೆ. ಇದಕ್ಕೆ ಬುಡದಲ್ಲಿ ಸದಾ ಕೆಸರಿರಬೇಕು, ನೀರು ನಿಂತರೂ ತೊಂದರೆಯಿಲ್ಲ. ಇಷ್ಟು ಕೊಟ್ಟರೆ ವರ್ಷಗಟ್ಟಲೆ ತಾನಾಗಿಯೇ ಹಬ್ಬುತ್ತಾ ಹೋಗುತ್ತದೆ. ಬೆಳೆದ ಗೆಡ್ಡೆಯನ್ನು ಏನು ಮಾಡುವುದು ಅನ್ನುವಲ್ಲಿ ಮಾತ್ರ ಸ್ವಲ್ಪ ನಿಧಾನಿಸಬೇಕು.

ಗುರುತು ಹಿಡಿಯುವುದು

ಬಜೆಯ ಎಲೆ ಕತ್ತಿಯ ಹಾಗೆ ನೀಳ, ನೆಟ್ಟಗೆ. ಚೆನ್ನಾಗಿ ಬೆಳೆದರೆ ಒಂದು ಮೀಟರ್ ಎತ್ತರಕ್ಕೂ ಹೋಗುತ್ತದೆ. ಎಲೆಗಳು ಬುಡದಲ್ಲಿ ಒಂದನ್ನೊಂದು ತಬ್ಬಿಕೊಂಡಿರುತ್ತವೆ, ಅಲ್ಲಿ ನಸುಗೆಂಪು ಛಾಯೆ ಕಾಣುತ್ತದೆ. ಎಲೆಯ ನಡುನರ ಉಬ್ಬಿರುತ್ತದೆ, ಆದರೆ ಸರಿಯಾಗಿ ಮಧ್ಯದಲ್ಲಿ ಇರುವುದಿಲ್ಲ, ಒಂದು ಪಕ್ಕಕ್ಕೆ ಸರಿದಿರುತ್ತದೆ. ಅಂಚನ್ನೂ ನೋಡಿ. ಅಲ್ಲಲ್ಲಿ ಸಣ್ಣ ನಿರಿಗೆ ಬಿದ್ದಿರುತ್ತದೆ.

ಹೂವು ಕಾಣಸಿಗುವುದು ಅಪರೂಪ. ಬಂದರೆ, ಎಲೆಯಂಥದ್ದೇ ದಂಟಿನ ಪಕ್ಕದಿಂದ ಓರೆಯಾಗಿ ಚಾಚಿದ 5ರಿಂದ 8 ಸೆಂ.ಮೀ. ಉದ್ದದ ಹಸಿರು-ಹಳದಿ ತೆನೆ. ಅದನ್ನು ನೋಡಿದರೆ ಕೆಸುವಿನ ನೆಂಟ ಇರಬೇಕು ಅನ್ನಿಸುತ್ತದೆ. ಸಸ್ಯಶಾಸ್ತ್ರಜ್ಞರೂ ಬಹುಕಾಲ ಹಾಗೇ ಅಂದುಕೊಂಡು ಅದೇ ಕುಟುಂಬಕ್ಕೆ ಸೇರಿಸಿದ್ದರು. ಈಗ ಅಕೋರೇಸಿ ಅಂತ ಇದಕ್ಕೇ ಬೇರೆ ಕುಟುಂಬ ಮಾಡಿದ್ದಾರೆ. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಅಕೋರಸ್ ಕ್ಯಾಲಮಸ್, ಆಯುರ್ವೇದದಲ್ಲಿ ವಚಾ.

ಕೆರೆಯಂಚಿನ ಜೊಂಡು ಮತ್ತು ಐರಿಸ್ ಗಿಡಗಳು ದೂರದಿಂದ ಬಜೆಯಂತೆಯೇ ಕಾಣುತ್ತವೆ. ಐರಿಸ್ ಗೆಡ್ಡೆ ತಿಂದರೆ ವಾಂತಿ, ಭೇದಿ ಆಗಬಹುದು. ಆದ್ದರಿಂದ ಕಣ್ಣನ್ನಷ್ಟೇ ನಂಬಬೇಡಿ. ಎಲೆಯನ್ನು ಎರಡು ಬೆರಳಲ್ಲಿ ಹೊಸಕಿ ಮೂಸಿ. ಸಿಹಿಯೂ ಘಾಟೂ ಬೆರೆತ ವಾಸನೆ ಗಪ್ಪನೆ ಬರಬೇಕು. ಬರದಿದ್ದರೆ ಅದು ಬಜೆ ಅಲ್ಲ, ಅಲ್ಲೇ ಬಿಡಿ.

ನೆಡುವುದು

ಬೀಜದ ಗೋಜಿಗೆ ಹೋಗಬೇಡಿ. ಇದರ ಎಷ್ಟೋ ತಳಿಗಳು ಬೀಜವನ್ನೇ ಕಟ್ಟುವುದಿಲ್ಲ. ಯುರೋಪಿನ ತುಂಬಾ ಹಬ್ಬಿರುವುದು ಅಂಥ ಬಂಜೆ ತಳಿಯೇ, ಬರೀ ಗೆಡ್ಡೆಯ ತುಂಡುಗಳಿಂದ. ಗ್ರಂಧಿಗೆ ಅಂಗಡಿಯ ಒಣಬಜೆಯೂ ಚಿಗುರುವುದಿಲ್ಲ, ಸುಮ್ನೆ ನೆಟ್ಟು ಕಾಯಬೇಡಿ. ಬೇಕಾದದ್ದು ಹಸಿ ಗೆಡ್ಡೆ. ಒಂದೆರಡು ಗಿಣ್ಣು ಮತ್ತು ಜೀವಂತ ಮೊಳಕೆ ಇರುವ ಬೆರಳುದ್ದದ ತುಂಡು ಸಾಕು.

ತಳದಲ್ಲಿ ತೂತಿಲ್ಲದ ಅಗಲವಾದ ಟಬ್ ತೆಗೆದುಕೊಳ್ಳಿ. ಜಿಗುಟು ಮಣ್ಣಿಗೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಸೇರಿಸಿ, ನೀರು ಹಾಕಿ, ಕೈಯಲ್ಲೇ ಕಲಸಿ ಕೆಸರು ಮಾಡಿ. ಗೊಬ್ಬರ ಹಸಿಯಾಗಿದ್ದರೆ ನಿಂತ ನೀರು ನಾರುತ್ತದೆ. ಗೆಡ್ಡೆಯನ್ನು ಅಡ್ಡಲಾಗಿ, ಮೊಳಕೆ ಮೇಲ್ಮುಖವಾಗಿ ಇಟ್ಟು, ಸುಮಾರು 4 ಸೆಂ.ಮೀ. ಆಳಕ್ಕೆ ಒತ್ತಿ. ಆಳಕ್ಕೆ ಹೂತರೆ ಚಿಗುರು ತಡವಾಗುತ್ತದೆ.

ಚಿಗುರು ಬರುವವರೆಗೆ ಮಣ್ಣು ಕೆಸರಾಗಿದ್ದರೆ ಸಾಕು, ಮುಳುಗಿಸಬೇಡಿ. ಎಲೆ ಎದ್ದ ಮೇಲೆ 5 ಸೆಂ.ಮೀ. ನೀರು ನಿಲ್ಲಿಸಿ, ಗಿಡ ಬಲಿತಂತೆ 10 ಸೆಂ.ಮೀ. ತನಕ ಏರಿಸಬಹುದು. ನಿಂತ ನೀರು ಅಂದಮೇಲೆ ಸೊಳ್ಳೆಯ ಚಿಂತೆ ಇದ್ದೇ ಇದೆ. ಎರಡು ಗಪ್ಪಿ ಮೀನು ಬಿಡಿ, ಅಥವಾ ನೀರನ್ನು ಮಣ್ಣಿನ ಮಟ್ಟಕ್ಕೇ ಇಟ್ಟುಕೊಳ್ಳಿ. ಕೆಸರು ಆರದಿದ್ದರೆ ಬಜೆಗೆ ಅಷ್ಟೇ ಸಾಕು.

ಜಮೀನಿನಲ್ಲಾದರೆ ಭತ್ತದ ಗದ್ದೆಯ ರೀತಿಯೇ: ಉತ್ತು, ಕೆಸರು ಮಾಡಿ, ಮಳೆಗಾಲದ ಶುರುವಿನಲ್ಲಿ 30 ಸೆಂ.ಮೀ. ಅಂತರದಲ್ಲಿ ನಾಟಿ. ಮೊದಲ ಕೆಲವು ತಿಂಗಳು ಕಳೆ ಕೀಳಬೇಕು, ಆಮೇಲೆ ಎಲೆಯ ನೆರಳೇ ಕಳೆಯನ್ನು ಅಡಗಿಸುತ್ತದೆ. ಚರಂಡಿ ನೀರು ಹರಿಯುವ ಕಡೆ ಮಾತ್ರ ನೆಡಬೇಡಿ, ಅಲ್ಲಿ ಬೆಳೆದದ್ದನ್ನು ಕೀಳಲೂ ಬೇಡಿ. ಕೊಳಕು ನೀರಿನ ಲೋಹಗಳನ್ನು ಹೀರಿಕೊಳ್ಳುವ ಗುಣ ಇದಕ್ಕಿದೆ. ನೀರು ಶುದ್ಧಿ ಮಾಡುವ ಕೃತಕ ಜೌಗುಗಳಲ್ಲಿ ಬಜೆ ನೆಡುವುದು ಇದೇ ಕಾರಣಕ್ಕೆ.

ಕೀಳುವುದು, ಒಣಗಿಸುವುದು

ಎಂಟು ತಿಂಗಳಿಂದ ಒಂದು ವರ್ಷದೊಳಗೆ ಕೆಳಗಿನ ಎಲೆಗಳು ಹಳದಿಯಾಗಿ ಒಣಗತೊಡಗುತ್ತವೆ. ರೋಗ ಅಂತ ಗಾಬರಿಯಾಗಬೇಡಿ, ಗೆಡ್ಡೆ ಬಲಿತಿದೆ ಅಷ್ಟೇ. ನೀರು ಬಸಿದು, ಮಣ್ಣು ಇನ್ನೂ ಹಸಿಯಿರುವಾಗಲೇ ಅಗೆಯಿರಿ. ಪೂರ್ತಿ ಒಣಗಲು ಬಿಟ್ಟರೆ ಗೆಡ್ಡೆ ಮುರಿದು ಒಳಗೇ ಉಳಿಯುತ್ತದೆ. ಮೊಳಕೆಯಿರುವ ತುದಿಗಳನ್ನು ಅವತ್ತೇ ಮತ್ತೆ ಕೆಸರಿಗೆ ಸೇರಿಸಿಬಿಡಿ.

ತೊಳೆದ ಗೆಡ್ಡೆಯೊಂದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ. ಮೇಲ್ಮೈಯಲ್ಲಿ ಎಲೆ ಉದುರಿದ ತ್ರಿಕೋನದ ಗಾಯಗಳು, ಒಂದು ಆ ಕಡೆ, ಒಂದು ಈ ಕಡೆ. ಕೆಳಮೈಯಲ್ಲಿ ಬೇರು ಕಿತ್ತ ದುಂಡು ಚುಕ್ಕೆಗಳು ಅಂಕುಡೊಂಕಾದ ಸಾಲಿನಲ್ಲಿ. ಹೊರಗೆ ಕಂದು, ಕೊಯ್ದರೆ ಒಳಗೆ ನಸುಗೆಂಪು ಬಿಳುಪು. ಒಣಬಜೆ ಕೊಳ್ಳುವಾಗಲೂ ಈ ಗುರುತುಗಳು ನೆರವಾಗುತ್ತವೆ.

ಬೇರಿನ ನಾರು ಕತ್ತರಿಸಿ, 5ರಿಂದ 7 ಸೆಂ.ಮೀ. ತುಂಡು ಮಾಡಿ, ನೆರಳಲ್ಲಿ ಗಾಳಿಯಾಡುವ ಕಡೆ ಹರವಿ. ಖಡಕ್ ಬಿಸಿಲಿಗೆ ಹಾಕಿದರೆ ಬೇಗ ಒಣಗುತ್ತದೆ ನಿಜ, ಆದರೆ ಪರಿಮಳದ ಎಣ್ಣೆಯೂ ಹಾರಿಹೋಗುತ್ತದೆ. ಒಣಗಿದ್ದನ್ನು ಗೋಣಿಚೀಲದಲ್ಲಿ ಹಾಕಿ ಉಜ್ಜಿದರೆ ಹೊಟ್ಟಿನಂಥ ಸಿಪ್ಪೆ ಉದುರುತ್ತದೆ.

ಮದ್ದಾಗಿ ಬಜೆ

ಹೊಟ್ಟೆಯುಬ್ಬರ, ಅಜೀರ್ಣ, ಕಟ್ಟಿದ ಗಂಟಲು, ಕೆಮ್ಮು, ಕಫಕ್ಕೆ ಬಜೆಯನ್ನು ತಲೆಮಾರುಗಳಿಂದ ಬಳಸಿದ್ದಾರೆ. ಮಾತು ಸ್ಪಷ್ಟವಾಗಲಿ, ನೆನಪು ಚುರುಕಾಗಲಿ ಎಂದೂ ಕೊಟ್ಟಿದ್ದಾರೆ. ಸಾರಸ್ವತಾರಿಷ್ಟ, ಸಾರಸ್ವತ ಚೂರ್ಣ ಎಂಬ ಆಯುರ್ವೇದದ ಮದ್ದುಗಳಲ್ಲಿ ಬಜೆ ಇದೆ. ನೋವಿರುವ ಕೀಲಿಗೆ ತೇಯ್ದು ಹಚ್ಚುವುದು, ಹೊಟ್ಟೆಯುಬ್ಬರಕ್ಕೆ ಹೊಕ್ಕುಳ ಸುತ್ತ ಪಟ್ಟು ಹಾಕುವುದೂ ಉಂಟು.

ಇದೇ ಬಜೆ ಜಾಸ್ತಿಯಾದರೆ ವಾಂತಿ ತರಿಸುತ್ತದೆ. ಆಯುರ್ವೇದದಲ್ಲಿ ವಮನಕ್ಕೆ, ಅಂದರೆ ವಾಂತಿ ಮಾಡಿಸುವ ಚಿಕಿತ್ಸೆಗೆ, ಇದನ್ನೂ ಬಳಸುತ್ತಾರೆ. ಅಲ್ಲದೆ, ಔಷಧಕ್ಕೆ ಬಳಸುವ ಮುನ್ನ ಕಷಾಯಗಳಲ್ಲಿ ಬೇಯಿಸಿ ಶೋಧನೆ, ಅಂದರೆ ಶುದ್ಧಿ, ಮಾಡುವ ಪದ್ಧತಿಯಿದೆ. ಮನೆಯ ಟಬ್ಬಿನಿಂದ ಕಿತ್ತದ್ದಕ್ಕೆ ಈ ಯಾವ ಸಂಸ್ಕಾರವೂ ಆಗಿರುವುದಿಲ್ಲ, ಅಲ್ವಾ?

ಇನ್ನೊಂದು ತೊಡಕು ಬೀಟಾ-ಅಸರೋನ್. ಬಜೆಯ ಎಣ್ಣೆಯಲ್ಲಿರುವ ಈ ಅಂಶ ಇಲಿಗಳಲ್ಲಿ ಕ್ಯಾನ್ಸರ್ ತಂದದ್ದರಿಂದ ಅಮೆರಿಕ 1968ರಲ್ಲಿ ಬಜೆಯನ್ನು ಆಹಾರದಲ್ಲಿ ಬಳಸದಂತೆ ನಿಷೇಧಿಸಿತು. ಉತ್ತರ ಅಮೆರಿಕದ ತಳಿಯಲ್ಲಿ ಇದು ಇಲ್ಲ, ಯುರೋಪಿನದರಲ್ಲಿ ಕಡಿಮೆ. ಏಷ್ಯಾದ ಕೆಲವು ತಳಿಗಳ ಎಣ್ಣೆಯಲ್ಲಿ ಮುಕ್ಕಾಲು ಪಾಲಿಗೂ ಮೀರಿ ಇರಬಹುದು. ನಿಮ್ಮ ಟಬ್ಬಿನಲ್ಲಿರುವುದು ಯಾವ ತಳಿ ಅಂತ ಎಲೆ ನೋಡಿ ಹೇಳಲಾಗದು. ಹಾಗಾಗಿ ಹೊಟ್ಟೆಗೆ ತೆಗೆದುಕೊಳ್ಳುವುದಿದ್ದರೆ ವೈದ್ಯರನ್ನು ಕೇಳಿ, ಅವರು ಹೇಳಿದಷ್ಟೇ, ಹೇಳಿದಷ್ಟೇ ದಿನ. ಬಸುರಿಯರಿಗೆ, ಹಾಲೂಡಿಸುವ ತಾಯಂದಿರಿಗೆ ಬೇಡ.

ಎಳೆಕೂಸಿಗೆ ಬಜೆ ತೇಯ್ದು ನೆಕ್ಕಿಸುವ ರೂಢಿ ಹಳೆಯದು. ಹಿರಿಯರು ಪ್ರೀತಿಯಿಂದಲೇ ಮಾಡುತ್ತಾರೆ. ಆದರೂ ನನ್ನ ಮಾತು ಖಡಾಖಂಡಿತ: ಬೇಡ. ಮಗುವಿನ ತೂಕಕ್ಕೆ ಒಂದು ತೇಯ್ತ ಹೆಚ್ಚಾದರೂ ಹೆಚ್ಚೇ, ತೇಯುವ ಕಲ್ಲು ಎಷ್ಟು ಶುಚಿಯೋ ಯಾರಿಗೆ ಗೊತ್ತು. ಮಗುವಿಗೆ ಹೊಟ್ಟೆನೋವು ಅನ್ನಿಸಿದರೆ ಮಕ್ಕಳ ವೈದ್ಯರ ಹತ್ತಿರ ಹೋಗಿ.

ಯಾವ ಭಯವೂ ಇಲ್ಲದೆ ಬಳಸಬಹುದಾದ ಜಾಗ ಬಟ್ಟೆಯ ಬೀರು, ಪುಸ್ತಕದ ಕಪಾಟು. ಹುಳುಗಳಿಗೆ ಬಜೆಯ ವಾಸನೆ ಆಗದು. ಒಣತುಂಡುಗಳನ್ನು ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ ಮೂಲೆಗಳಲ್ಲಿಡಿ. ಬಿತ್ತನೆಗೆಂದು ಎತ್ತಿಟ್ಟ ಬೀಜದ ಡಬ್ಬಿಗೂ ಹಾಕಬಹುದು. ಊಟದ ಕಾಳಿಗೆ ಮಾತ್ರ ಬಜೆಪುಡಿ ಬೆರೆಸಬೇಡಿ. ಪುಡಿಯ ವಾಸನೆ ಬೇಗ ಇಳಿಯುತ್ತದೆ, ಆದ್ದರಿಂದ ತುಂಡಾಗಿಯೇ ಇರಲಿ. ಘಾಟು ಕಡಿಮೆಯಾಯಿತು ಅನ್ನಿಸಿದಾಗ ಮುರಿದು ಮತ್ತೆ ಕಟ್ಟಿಡಿ.