ಸೂಕ್ತ ಕ್ರಮ ಕೈಗೊಳ್ಳುವವರು ಯಾರು?

ಕಾಲೇಜಿನ ಆಂತರಿಕ ದೂರು ಸಮಿತಿಗೆ ಸೇರಿದ ಮೇಲೆ ನನ್ನ ಪಾಲಿಗೆ ಬಂದ ಕೆಲಸ, ಲೈಂಗಿಕ ಕಿರುಕುಳ ತಡೆ ನೀತಿಯ ಕನ್ನಡ ಪ್ರತಿಯನ್ನು ತಿದ್ದುವುದು. “ನೀವು ಕನ್ನಡ ಮೇಡಂ ಅಲ್ವಾ, ಒಂದ್ಸಲ ಕಣ್ಣಾಡಿಸಿ ಕೊಡಿ” ಎಂದರು ಪ್ರಾಂಶುಪಾಲರು. ಕಾಗುಣಿತ ನೋಡಿ ಕೊಟ್ಟರೆ ಮುಗಿಯಿತು ಎಂಬ ಎಣಿಕೆ ಅವರದು. ಕಾಗುಣಿತವೇನೋ ಸರಿಯಾಗಿಯೇ ಇತ್ತು.

ಇಡೀ ನೀತಿಯ ತಿರುಳೆಲ್ಲ ಒಂದು ಸಾಲಿನಲ್ಲಿತ್ತು: “ಇಂತಹ ಪ್ರಕರಣಗಳು ಗಮನಕ್ಕೆ ಬಂದಲ್ಲಿ ಸೂಕ್ತ ಕ್ರಮ ಕೈಗೊಳ್ಳಲಾಗುವುದು.” ಯಾರ ಗಮನಕ್ಕೆ? ಯಾವ ಕ್ರಮ? ಎಷ್ಟು ದಿನದೊಳಗೆ? ‘ಲಾಗುವುದು’ ಎಂದು ಮುಗಿಯುವ ವಾಕ್ಯದಲ್ಲಿ ಮಾಡುವವರೇ ಇರುವುದಿಲ್ಲ. ನಾಳೆ ಏನೂ ಆಗದಿದ್ದರೆ ಯಾರನ್ನೂ ಕೇಳುವ ಹಾಗಿಲ್ಲ. ಸರ್ಕಾರಿ ಸುತ್ತೋಲೆಗಳನ್ನು ಓದಿ ಓದಿ ಇದೇ ಗಂಭೀರ ಕನ್ನಡ ಎಂದು ನಾವು ನಂಬಿಬಿಟ್ಟಿದ್ದೇವೆ. ಪೆನ್ಸಿಲ್ ಹಿಡಿದು ಅಂಥ ಪ್ರತಿ ಕ್ರಿಯಾಪದಕ್ಕೂ ಗೆರೆ ಎಳೆದೆ, ಪಕ್ಕದಲ್ಲಿ ‘ಯಾರು, ಯಾವಾಗ’ ಎಂದು ಬರೆಯುತ್ತ ಹೋದೆ.

ಉತ್ತರಗಳನ್ನು ನಾನು ಹೊಸದಾಗಿ ಕಟ್ಟಬೇಕಿರಲಿಲ್ಲ. ಕೆಲಸದ ಜಾಗದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಲ್ಲಿ, ಅದರ ಬೆನ್ನಿಗೆ ಕಾಲೇಜುಗಳಿಗೆಂದೇ ಬಂದ ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2015ರ ನಿಯಮಾವಳಿಯಲ್ಲಿ ಎಲ್ಲ ಇತ್ತು. ದೂರು ಬಂದ 7 ದಿನದೊಳಗೆ ಸಮಿತಿ ಅದರ ಪ್ರತಿಯನ್ನು ಪ್ರತಿವಾದಿಗೆ, ಅಂದರೆ ದೂರು ಯಾರ ಮೇಲಿದೆಯೋ ಅವರಿಗೆ, ಕಳಿಸಬೇಕು. ಅವರು 10 ದಿನದೊಳಗೆ ಉತ್ತರ ಕೊಡಬೇಕು. ವಿಚಾರಣೆ 90 ದಿನದೊಳಗೆ ಮುಗಿಯಬೇಕು. ಮುಗಿದ 10 ದಿನದಲ್ಲಿ ವರದಿ ಕಾಲೇಜಿನ ಆಡಳಿತದ ಕೈ ಸೇರಬೇಕು. ಮೇಲ್ಮನವಿ ಬರದಿದ್ದರೆ ಆಡಳಿತ 30 ದಿನದೊಳಗೆ ಶಿಫಾರಸನ್ನು ಜಾರಿ ಮಾಡಬೇಕು. ಇವನ್ನೇ ಕರ್ತೃ ಸಮೇತ ಬರೆದೆ.

ಹೆಚ್ಚು ತಲೆ ತಿಂದದ್ದು ವ್ಯಾಖ್ಯೆಯ ಭಾಗ. ಹಳೆಯ ಪ್ರತಿಯಲ್ಲಿ “ಅಸಭ್ಯ ವರ್ತನೆ”, “ಹೆಣ್ಣುಮಕ್ಕಳ ಮಾನಕ್ಕೆ ಕುಂದು ತರುವ ನಡತೆ” ಎಂದಿತ್ತು. ಹಾಗೆಂದರೆ ಕ್ಯಾಂಟೀನಿನಲ್ಲಿ ಒಟ್ಟಿಗೆ ಕೂತು ನಗುವ ಹುಡುಗ ಹುಡುಗಿ ಸಿಕ್ಕಿಬೀಳುತ್ತಾರೆ, ರಾತ್ರಿ ಹನ್ನೊಂದಕ್ಕೆ ಬಲು ನಯವಾಗಿ “ಫೋಟೋ ಚೆನ್ನಾಗಿದೆ, ಇನ್ನೊಂದು ಕಳಿಸು” ಎಂದು ಮೆಸೇಜ್ ಮಾಡುವ ಗೈಡ್ ಪಾರಾಗುತ್ತಾರೆ. ಕಾಯ್ದೆಯ ಅಳತೆಗೋಲು ಬೇರೆ. ಲೈಂಗಿಕ ಸ್ವರೂಪದ ನಡೆ ಎದುರಿನವರಿಗೆ ಬೇಡವಾಗಿತ್ತೇ ಎಂಬುದು ಅಲ್ಲಿ ಮುಖ್ಯ, ನೋಡುವವರ ಕಣ್ಣಿಗೆ ಅದು ಸಭ್ಯವಾಗಿತ್ತೇ ಎಂಬುದಲ್ಲ. ಹಾಗಾಗಿ ಕಾಯ್ದೆ ಹೇಳುವ ಐದು ಬಗೆಗಳನ್ನು ಬಿಡಿಬಿಡಿಯಾಗಿ ಬರೆದು, ಕಾಲೇಜಿನ ಬದುಕಿನಿಂದಲೇ ಉದಾಹರಣೆ ಕೊಟ್ಟೆ: ಇಂಟರ್ನಲ್ ಮಾರ್ಕ್ಸ್ ತೋರಿಸಿ ಒತ್ತಾಯಿಸುವುದು, ಅಟೆಂಡೆನ್ಸ್ ಶಾರ್ಟೇಜಿನ ಬೆದರಿಕೆ, ವಾಟ್ಸಾಪ್ ಗುಂಪಿನಲ್ಲಿ ಮೈಕಟ್ಟಿನ ಮಾತು. ಕಾಲೇಜು ಬಸ್ಸು, ಶೈಕ್ಷಣಿಕ ಪ್ರವಾಸಗಳೂ ನಿಯಮಾವಳಿಯ ವ್ಯಾಪ್ತಿಗೆ ಬರುತ್ತವೆ ಎಂದು ಸೇರಿಸಿದೆ.

“ಹೀಗೆಲ್ಲ ಬರೆದ್ರೆ ಪಾಠ ಮಾಡೋಕೂ ಹೆದರ್ಬೇಕಾಗುತ್ತೆ” ಎಂದು ಹಿರಿಯ ಸಹೋದ್ಯೋಗಿಯೊಬ್ಬರು ಮುನಿಸಿಕೊಂಡರು. ಅವರ ಮಾತಿನಲ್ಲೂ ಒಂದು ಅಂಶವಿತ್ತು. ಕಡಿಮೆ ಅಂಕ ಕೊಡುವುದು, ತಡವಾಗಿ ಬಂದವರನ್ನು ಗದರುವುದು ಅಷ್ಟಕ್ಕೇ ಲೈಂಗಿಕ ಕಿರುಕುಳವಲ್ಲ ಎಂಬ ಸಾಲನ್ನೂ ಹಾಕಿದೆ.

ಅದೇ ನ್ಯಾಯದಿಂದ, ಹಳೆಯ ಪ್ರತಿಯಲ್ಲಿ ಮೊದಲ ಪುಟದಿಂದಲೇ ಇದ್ದ ‘ತಪ್ಪಿತಸ್ಥರು’ ಎಂಬುದನ್ನು ತೆಗೆದೆ. ವಿಚಾರಣೆ ಮುಗಿಯುವ ತನಕ ಅವರು ಪ್ರತಿವಾದಿ ಮಾತ್ರ. ಗೋವಾ ವಿಶ್ವವಿದ್ಯಾಲಯದ ಪ್ರಕರಣವೊಂದರಲ್ಲಿ ವಿಚಾರಣೆ ಅವಸರದಲ್ಲಿ ನಡೆಯಿತು, ಪ್ರತಿವಾದಿಗೆ ತಕ್ಕ ಅವಕಾಶ ಸಿಗಲಿಲ್ಲ ಎಂದು 2023ರಲ್ಲಿ ಸುಪ್ರೀಂ ಕೋರ್ಟ್ ಶಿಕ್ಷೆಯ ಆದೇಶವನ್ನೇ ರದ್ದು ಮಾಡಿತು. ಅಂಥ ಅವಸರದಿಂದ ದೂರು ಕೊಟ್ಟವರಿಗೂ ಲಾಭವಿಲ್ಲ.

ಸುಳ್ಳು ದೂರಿನ ಎಚ್ಚರಿಕೆ ಮಾತ್ರ ದಪ್ಪಕ್ಷರದಲ್ಲಿ, ದೂರು ಕೊಡುವ ವಿಧಾನಕ್ಕಿಂತ ಮೊದಲೇ ಬರುತ್ತಿತ್ತು. ಬಾಗಿಲಲ್ಲೇ ನಾಯಿ ಕಟ್ಟಿದ ಹಾಗೆ. ಸಾಕ್ಷ್ಯ ಸಾಲಲಿಲ್ಲ ಎಂಬ ಕಾರಣಕ್ಕೇ ದೂರುದಾರರ ಮೇಲೆ ಕ್ರಮವಿಲ್ಲ, ದುರುದ್ದೇಶವಿತ್ತು ಎನ್ನಬೇಕಾದರೆ ಅದು ವಿಚಾರಣೆಯಲ್ಲಿ ಸಾಬೀತಾಗಬೇಕು ಎನ್ನುತ್ತದೆ ಕಾಯ್ದೆ. ಆ ಅರ್ಧವನ್ನು ನಮ್ಮವರು ಬಿಟ್ಟೇಬಿಟ್ಟಿದ್ದರು. ಎರಡನ್ನೂ ಜೋಡಿಸಿ ಕೊನೆಯ ಭಾಗಕ್ಕೆ ಸಾಗಿಸಿದೆ. “ತಕ್ಷಣವೇ ದೂರು ನೀಡತಕ್ಕದ್ದು” ಎಂಬುದೂ ಹೋಯಿತು. ಕೊನೆಯ ಘಟನೆಯಿಂದ 3 ತಿಂಗಳ ಅವಕಾಶವಿದೆ, ತಕ್ಕ ಕಾರಣವಿದ್ದರೆ ಸಮಿತಿ ಇನ್ನೂ 3 ತಿಂಗಳು ಕೊಡಬಹುದು.

ನಿಜವಾದ ಜಗಳ ನಡೆದದ್ದು “ಮೊದಲು ಇಬ್ಬರನ್ನೂ ಕರೆಸಿ ಬುದ್ಧಿ ಹೇಳಲಾಗುವುದು” ಎಂಬ ಸಾಲಿನ ಮೇಲೆ. ಕಾಲೇಜಿನ ಹೆಸರು ಕೆಡಬಾರದಲ್ಲ! ರಾಜಿ ಬೇಕೆಂದು ದೂರುದಾರರೇ ಕೇಳಿದರೆ ಮಾತ್ರ ಅದಕ್ಕೆ ಜಾಗವಿದೆ, ಹಣ ಕೊಟ್ಟು ರಾಜಿ ಮಾಡಿಸುವಂತಿಲ್ಲ ಎಂದು ಕಾಯ್ದೆಯ 10ನೇ ಸೆಕ್ಷನ್ ಓದಿ ಹೇಳಿದ ಮೇಲೆ ಸಭೆ ತಣ್ಣಗಾಯಿತು.

“ಸಂಪೂರ್ಣ ಗೌಪ್ಯವಾಗಿಡಲಾಗುವುದು” ಎಂಬ ಭರವಸೆಯನ್ನೂ ಕೈಬಿಟ್ಟೆ, ಏಕೆಂದರೆ ಅದು ನಿಜವಲ್ಲ. ದೂರಿನ ಪ್ರತಿ ಪ್ರತಿವಾದಿಯ ಕೈಗೆ ಹೋಗಲೇಬೇಕು. ಯಾರಿಗೆ ಯಾವ ಹಂತದಲ್ಲಿ ಏನು ತಿಳಿಯುತ್ತದೆ ಎಂದು ಬರೆದು, ಹೆಸರು, ಗುರುತು ಹೊರಗೆ ಹೋಗಕೂಡದು ಎಂದು ಸೇರಿಸಿದೆ. ವಿಚಾರಣೆ ನಡೆಯುವಾಗ ಪ್ರತಿವಾದಿ ದೂರುದಾರರ ಉತ್ತರಪತ್ರಿಕೆ ಮೌಲ್ಯಮಾಪನ ಮಾಡದಂತೆ ತಡೆಯಬಹುದು ಎಂಬುದು ಯುಜಿಸಿ ನಿಯಮದಲ್ಲಿದೆ. ವಿದ್ಯಾರ್ಥಿನಿಯರು ಮೊದಲು ಕೇಳುವುದೇ ಇದನ್ನು, ಆದ್ದರಿಂದ ಇದನ್ನು ಮೊದಲ ಪುಟಕ್ಕೆ ತಂದೆ.

ಕರಡನ್ನು ಸಮಿತಿಗೆ ಕೊಡುವ ಮುಂಚೆ ಹಾಸ್ಟೆಲಿನ ಹುಡುಗಿಯರಿಗೆ, ಗ್ರಂಥಾಲಯ ಮತ್ತು ಕಚೇರಿಯ ಸಿಬ್ಬಂದಿಗೆ ಗಟ್ಟಿಯಾಗಿ ಓದಿ ಹೇಳಿದೆ. ಎಲ್ಲಿ ಮುಖ ಗಂಟಿಕ್ಕಿದರೋ ಅಲ್ಲಿ ವಾಕ್ಯ ಒಡೆದೆ. ಕಸ ಗುಡಿಸುವ ಅಕ್ಕ ಒಬ್ಬರು ಕೇಳಿದರು: “ಬರ್ದು ಕೊಡ್ಬೇಕು ಅಂತೀರಲ್ಲ ಮೇಡಂ, ಬರಿಯೋಕೆ ಬರ್ದೇ ಇದ್ರೆ?” ಬರೆಯಲಾಗದವರಿಗೆ ಸಮಿತಿಯವರೇ ನೆರವಾಗಬೇಕು ಎಂದು ಕಾಯ್ದೆಯಲ್ಲಿದೆ, ನಮ್ಮ ನೀತಿಯಲ್ಲಿ ಇರಲಿಲ್ಲ. “ನೀವು ಹೇಳಿ, ನಾವು ಬರೆದುಕೊಳ್ಳುತ್ತೇವೆ, ಓದಿ ಹೇಳಿದ ಮೇಲೆ ಸಹಿ ಅಥವಾ ಹೆಬ್ಬೆಟ್ಟು” ಎಂದು ಸೇರಿಸಿದೆ.

ಸಮಿತಿಯ ಹೊರಗಿನ ಸದಸ್ಯರು ವಕೀಲರು. ಇಷ್ಟು ಸರಳವಾದರೆ ಕೋರ್ಟಿನಲ್ಲಿ ನಿಲ್ಲುವುದಿಲ್ಲ ಎಂಬ ಆತಂಕ ಅವರಿಗೆ. ವ್ಯತ್ಯಾಸ ಕಂಡರೆ ಕಾಯ್ದೆ ಮತ್ತು ನಿಯಮಾವಳಿಯ ಮಾತೇ ಅಂತಿಮ ಎಂಬ ಸಾಲನ್ನು ಅವರೇ ಬರೆದುಕೊಟ್ಟರು. ಅದೊಂದು ವಾಕ್ಯ ಮಾತ್ರ ಈಗಲೂ ‘ಪರಿಗಣಿಸತಕ್ಕದ್ದು’ ಎಂದೇ ಮುಗಿಯುತ್ತದೆ, ನಾನು ಮುಟ್ಟಲು ಹೋಗಲಿಲ್ಲ.