ಕುರಿಗೆ ಹಾಕಿದ ಜಂತಿನ ಔಷಧ ಕೆಲಸ ಮಾಡಿತೇ? ಹಿಕ್ಕೆ ನೋಡಿ ತಿಳಿಯುವ ಬಗೆ

ಶಿರೂರು ತಾಲ್ಲೂಕಿನ ಒಂದು ಕುರಿದಡ್ಡಿಗೆ ಆಗಸ್ಟಿನಲ್ಲಿ ಹೋಗಿದ್ದೆ. ಜತ್ತ ಕಡೆಯಿಂದ ಬಂದು ಘೋಡ ನದಿಯ ಬದಿಗೆ ನೆಲೆಸಿದ ಕನ್ನಡ ಮನೆತನ. ಗಂಡಸರು ರಾಂಜಣಗಾವಿನ ಕಾರ್ಖಾನೆಗೆ ಹೋಗುತ್ತಾರೆ, ಅರವತ್ತು ದಖ್ಖನಿ ಕುರಿಗಳನ್ನು ಮನೆಯ ಹಿರಿಯಕ್ಕ ನೋಡಿಕೊಳ್ಳುತ್ತಾರೆ. ಒಂದು ಕುರಿಯ ಗದ್ದದ ಕೆಳಗೆ ನಿಂಬೆಹಣ್ಣಿನಷ್ಟು ಮೆತ್ತನೆಯ ಬಾವು ಬಂದಿತ್ತು. “ಔಷಧ ಹಾಕಿ ಹದಿನೈದು ದಿನಾನೂ ಆಗಿಲ್ರಿ ಡಾಕ್ಟರ್ರ, ಮತ್ಯಾಕ ಗದ್ದ ಬಾತೈತಿ?” ಎಂದು ಅವರು ಕೇಳಿದರು. ಗೂಡಿನಲ್ಲಿ ನಾಲ್ಕು ಬಾಟಲಿಗಳಿದ್ದವು. ಹೆಸರುಗಳೇನೋ ನಾಲ್ಕು, ಆದರೆ ಮೂರರಲ್ಲಿದ್ದದ್ದು ಆಲ್ಬೆಂಡಜೋಲ್ ಇಲ್ಲವೇ ಫೆನ್‌ಬೆಂಡಜೋಲ್, ಅಂದರೆ ಒಂದೇ ಗುಂಪಿನ ಮದ್ದು. ಪ್ರತಿ ಸಲ ಔಷಧ ಬದಲಿಸುತ್ತಿದ್ದೇವೆ ಎಂದುಕೊಂಡು ಆ ಮನೆಯವರು ಬದಲಿಸಿದ್ದು ಬಾಟಲಿಯ ಬಣ್ಣವನ್ನು ಮಾತ್ರ.

ಈ ಬಾವಿಗೆ ಸಾಮಾನ್ಯವಾಗಿ ಕಾರಣವಾಗುವ ಹುಳು ಹಿಮಾಂಕಸ್ ಕಂಟಾರ್ಟಸ್. ಕುರಿಯ ನಾಲ್ಕನೆಯ ಹೊಟ್ಟೆಯ ಗೋಡೆಗೆ ಕಚ್ಚಿಕೊಂಡು ಇದು ರಕ್ತ ಹೀರುತ್ತದೆ. ಒಂದು ಹುಳು ದಿನಕ್ಕೆ ಸುಮಾರು 0.05 ಮಿಲಿಲೀಟರ್ ಕುಡಿದರೆ ಸಾವಿರ ಹುಳುಗಳು 50 ಮಿಲಿಲೀಟರ್ ಕುಡಿಯುತ್ತವೆ, ಆದರೆ 30 ಕಿಲೋ ತೂಗುವ ಕುರಿಯ ಮೈಯಲ್ಲಿರುವ ರಕ್ತವೇ ಎರಡು ಲೀಟರಿನ ಆಸುಪಾಸು. ಒಂದು ಹೆಣ್ಣುಹುಳು ದಿನಕ್ಕೆ 5,000ದಿಂದ 10,000 ಮೊಟ್ಟೆ ಇಡುತ್ತದೆ. ಹಿಕ್ಕೆಯೊಂದಿಗೆ ನೆಲಕ್ಕೆ ಬಿದ್ದ ಮೊಟ್ಟೆ ಮಳೆಗಾಲದ ಬೆಚ್ಚನೆಯ ತೇವದಲ್ಲಿ ಒಂದು ವಾರದೊಳಗೆ ಸೋಂಕು ತರುವ ಮರಿಹುಳುವಾಗಿ ಹುಲ್ಲಿನೆಸಳನ್ನು ಏರುತ್ತದೆ, ಕುರಿ ಅದನ್ನು ಮೇಯ್ದ ಸುಮಾರು ಮೂರು ವಾರಕ್ಕೆ ಮತ್ತೆ ಮೊಟ್ಟೆಯಿಡಲು ತೊಡಗುತ್ತದೆ. ಇಷ್ಟು ಬೇಗ ತಲೆಮಾರು ಉರುಳುವುದರಿಂದಲೇ ಈ ಹುಳುವಿಗೆ ಔಷಧ ಬೇಗ ಹಳತಾಗುತ್ತದೆ. ಆಲ್ಬೆಂಡಜೋಲ್ ಗುಂಪಿನ ಮೊದಲ ಮದ್ದಾದ ಥಯಾಬೆಂಡಜೋಲ್ ಮಾರುಕಟ್ಟೆಗೆ ಬಂದದ್ದು 1961ರಲ್ಲಿ. ಅದಕ್ಕೆ ಬಗ್ಗದ ಹಿಮಾಂಕಸ್ ಹುಳುಗಳ ವರದಿ ಬಂದದ್ದು 1964ರಲ್ಲಿ.

ಮೊದಲ ದಿನ: ಹಿಕ್ಕೆ ಸಂಗ್ರಹ

ಔಷಧ ಕೆಲಸ ಮಾಡುತ್ತಿದೆಯೇ ಎಂಬುದನ್ನು ಕುರಿಯ ಗೆಲುವು ನೋಡಿ ಹೇಳಲಾಗದು. ಹಿಕ್ಕೆಯಲ್ಲಿರುವ ಮೊಟ್ಟೆಗಳನ್ನು ಔಷಧಕ್ಕೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಎಣಿಸಬೇಕು. ಇತ್ತೀಚಿನ ಎಂಟು ವಾರಗಳಲ್ಲಿ ಜಂತಿನ ಔಷಧ ಕಾಣದ ಹತ್ತರಿಂದ ಹದಿನೈದು ಕುರಿಗಳನ್ನು ಆರಿಸಿ, ಸಾಧ್ಯವಾದರೆ ಎಲ್ಲವೂ ಹಾಲು ಬಿಟ್ಟ ಮರಿಗಳಾಗಿರಲಿ, ಏಕೆಂದರೆ ಅವುಗಳಲ್ಲಿ ಮೊಟ್ಟೆ ಹೆಚ್ಚಿರುತ್ತದೆ. ಪ್ರತಿಯೊಂದಕ್ಕೂ ಕಿವಿಯ ನಂಬರು ಅಥವಾ ಬಣ್ಣದ ಗುರುತು ಇರಬೇಕು. ನೆಲದ ಮೇಲಿನ ಹಿಕ್ಕೆಯನ್ನು ಬಾಚಿ ತಂದರೆ ಅದು ಯಾವ ಕುರಿಯದೆಂದು ಗೊತ್ತಾಗುವುದಿಲ್ಲ. ಕೈಗವಸು ಹಾಕಿ, ಬೆರಳಿಗೆ ಸ್ವಲ್ಪ ಎಣ್ಣೆ ಸವರಿಕೊಂಡು, ಗುದದ್ವಾರದಿಂದಲೇ ಏಳೆಂಟು ಹಿಕ್ಕೆ ತೆಗೆಯಬೇಕು. ಅದೇ ಕೈಗವಸನ್ನು ಒಳಹೊರಗು ಮಾಡಿ ಗಾಳಿ ಹಿಂಡಿ ಗಂಟು ಕಟ್ಟಿದರೆ ಬೇರೆ ಡಬ್ಬಿಯೇ ಬೇಡ. ಬಿಸಿಲಿಗೆ ಬಿಟ್ಟರೆ ಮೊಟ್ಟೆ ಒಡೆದು ಎಣಿಕೆ ತಪ್ಪುತ್ತದೆ. ಫ್ರಿಜ್ಜಿನ ಕೆಳಗಿನ ಅರೆಯಲ್ಲಿಟ್ಟು ಮಾರನೆಯ ದಿನದೊಳಗೆ ಪ್ರಯೋಗಾಲಯಕ್ಕೆ ಮುಟ್ಟಿಸಬೇಕು. ಪುಣೆಯ ಔಂಧ್‌ನಲ್ಲಿರುವ ಪಶುರೋಗ ಅನ್ವೇಷಣಾ ವಿಭಾಗ, ಶಿರವಳದ ಪಶುವೈದ್ಯ ಕಾಲೇಜು ಅಥವಾ ನಿಮ್ಮ ತಾಲ್ಲೂಕಿನ ಪಶು ಚಿಕಿತ್ಸಾಲಯದಲ್ಲಿ ಮೊದಲೇ ವಿಚಾರಿಸಿಕೊಂಡು ಹೋಗುವುದು ಒಳ್ಳೆಯದು.

ಒಳಗೆ ನಡೆಯುವ ಕೆಲಸ ಗುಟ್ಟಿನದೇನಲ್ಲ. ಎರಡು ಗ್ರಾಂ ಹಿಕ್ಕೆಯನ್ನು 28 ಮಿಲಿಲೀಟರ್ ಉಪ್ಪುನೀರಿನಲ್ಲಿ ಅರೆದು ಸೋಸುತ್ತಾರೆ. ಇನ್ನು ಕರಗದು ಎನ್ನುವಷ್ಟು ಉಪ್ಪು ತುಂಬಿದ ನೀರು ಅದು. ಆ ದ್ರವವನ್ನು ಮ್ಯಾಕ್‌ಮಾಸ್ಟರ್ ಎಂಬ ಗೆರೆಯೆಳೆದ ಗಾಜಿನ ಎರಡು ಕೋಣೆಗಳಿಗೆ ತುಂಬಿ ಐದು ನಿಮಿಷ ಬಿಟ್ಟರೆ ಮೊಟ್ಟೆಗಳು ತೇಲಿ ಮೇಲೆ ಬರುತ್ತವೆ. ಎರಡೂ ಕೋಣೆಗಳ ಗೆರೆಯೊಳಗಿನ ಒಟ್ಟು ಎಣಿಕೆಯನ್ನು 50ರಿಂದ ಗುಣಿಸಿದರೆ ಒಂದು ಗ್ರಾಂ ಹಿಕ್ಕೆಯಲ್ಲಿರುವ ಮೊಟ್ಟೆಗಳ ಸಂಖ್ಯೆ ಸಿಗುತ್ತದೆ. ಸರಾಸರಿ 150ಕ್ಕಿಂತ ಕಡಿಮೆಯಿದ್ದರೆ ಈ ಪರೀಕ್ಷೆಯನ್ನು ಮುಂದಕ್ಕೆ ಹಾಕಿ.

ಔಷಧ ಕುಡಿಸುವಾಗ

ಹುಳುವಿಗಿಂತ ಮೊದಲು ನಮ್ಮ ಕೈಯನ್ನೇ ಅನುಮಾನಿಸಬೇಕು. ಆ ದಡ್ಡಿಯಲ್ಲಿ ದೊಡ್ಡದು, ಸಣ್ಣದು ಎನ್ನದೆ ಎಲ್ಲಕ್ಕೂ ಐದು ಮಿಲಿಲೀಟರ್ ಹಾಕುತ್ತಿದ್ದರು. ಶೇಕಡಾ 2.5ರ ಆಲ್ಬೆಂಡಜೋಲ್ ದ್ರಾವಣದ ಒಂದು ಮಿಲಿಲೀಟರಿನಲ್ಲಿ 25 ಮಿಲಿಗ್ರಾಂ ಮದ್ದಿರುತ್ತದೆ. ಕಿಲೋ ತೂಕಕ್ಕೆ 7.5 ಮಿಲಿಗ್ರಾಂ ಲೆಕ್ಕ ಹಿಡಿದರೆ 30 ಕಿಲೋ ಕುರಿಗೆ 225 ಮಿಲಿಗ್ರಾಂ, ಅಂದರೆ ಒಂಬತ್ತು ಮಿಲಿಲೀಟರ್ ಬೇಕು. ಅದಕ್ಕೆ ಸಿಗುತ್ತಿದ್ದದ್ದು ಸುಮಾರು ಅರ್ಧ. ಅರ್ಧ ಮದ್ದಿಗೆ ಬಡಹುಳು ಸಾಯುತ್ತದೆ, ಗಟ್ಟಿಹುಳು ಉಳಿದು ವಂಶ ಬೆಳೆಸುತ್ತದೆ. ಹಾಗಾಗಿ ತೂಗುವ ತಕ್ಕಡಿಯೊಂದನ್ನು ಇಟ್ಟುಕೊಳ್ಳಿ. ಇಲ್ಲವಾದರೆ ಒಂದೇ ಗಾತ್ರದ ಕುರಿಗಳನ್ನು ಬೇರ್ಪಡಿಸಿ, ಅವುಗಳಲ್ಲಿ ಅತಿ ಭಾರದ್ದರ ತೂಕಕ್ಕೆ ತಕ್ಕಂತೆ ಕೊಡಿ. ಬಾಟಲಿಯನ್ನು ಚೆನ್ನಾಗಿ ಕುಲುಕಿ, ಕುರಿಯ ತಲೆಯನ್ನು ಮೇಲಕ್ಕೆತ್ತದೆ, ಬಾಯಿಯ ಪಕ್ಕದಿಂದ ಸಿರಿಂಜಿನ ತುದಿಯನ್ನು ನಾಲಿಗೆಯ ಬುಡಕ್ಕೆ ಒಯ್ದು ಬಿಡಬೇಕು. ನಾಲಿಗೆಯ ತುದಿಗೆ ಸುರಿದರೆ ಅರ್ಧ ಉಗುಳಿಹೋಗುತ್ತದೆ, ಉಳಿದದ್ದು ಮೊದಲ ಹೊಟ್ಟೆಯನ್ನು ತಪ್ಪಿಸಿ ಬೇಗನೆ ಕೆಳಗೆ ಸರಿಯಬಹುದು. ಗಬ್ಬದ ಮೊದಲ ತಿಂಗಳಲ್ಲಿ ಆಲ್ಬೆಂಡಜೋಲ್ ಕೊಡಬಾರದು. ಬೇರೆ ಗುಂಪಿನ ಮದ್ದಾದ ಲೆವಮಿಸೋಲ್‌ನಲ್ಲಿ ಸರಿಯಾದ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ಅಂತರ ಕಡಿಮೆ, ಅದನ್ನು ಅಂದಾಜಿನ ಮೇಲೆ ಹಾಕುವುದೇ ಬೇಡ.

ಹದಿನಾಲ್ಕನೆಯ ದಿನ: ಲೆಕ್ಕ

ಔಷಧ ಕುಡಿಸಿದ ಹದಿನಾಲ್ಕನೆಯ ದಿನ ಅದೇ ಕುರಿಗಳಿಂದ ಮತ್ತೆ ಹಿಕ್ಕೆ ತೆಗೆಯಿರಿ. ಮೊದಲ ದಿನದ ಸರಾಸರಿ 1,200 ಇದ್ದು ಈಗ 420 ಬಂದಿದೆ ಎಂದಿಟ್ಟುಕೊಳ್ಳಿ. ಇಳಿದದ್ದು 780, ಅದನ್ನು 1,200ರಿಂದ ಭಾಗಿಸಿ 100ರಿಂದ ಗುಣಿಸಿದರೆ 65. ಔಷಧ ಸರಿಯಾಗಿದ್ದರೆ ಇದು ಶೇಕಡಾ 95ಕ್ಕಿಂತ ಕಡಿಮೆಯಾಗಬಾರದು. ತೂಕ ಸರಿಯಿತ್ತು, ಬಾಟಲಿಯ ಅವಧಿ ಮುಗಿದಿರಲಿಲ್ಲ, ಆದರೂ 65 ಎಂದಾದರೆ ಆ ಗುಂಪಿನ ಮದ್ದು ನಿಮ್ಮ ಹಿಂಡಿನಲ್ಲಿ ಕೈಕೊಟ್ಟಿದೆ ಎಂದೇ ತಿಳಿಯಬೇಕು. ಆಗ ಪಶುವೈದ್ಯರನ್ನು ಕೇಳಿ ಬೇರೆ ಗುಂಪುಗಳ ಮದ್ದುಗಳಾದ ಲೆವಮಿಸೋಲ್, ಐವರ್ಮೆಕ್ಟಿನ್ ಅಥವಾ ಕ್ಲೊಸಾಂಟೆಲ್‌ಗಳಲ್ಲಿ ಒಂದನ್ನು ಇದೇ ರೀತಿ ಪರೀಕ್ಷಿಸಿ ನೋಡಿ. ಆಡುಗಳೂ ಜೊತೆಯಲ್ಲಿದ್ದರೆ ಅವುಗಳ ಪ್ರಮಾಣವನ್ನು ಬೇರೆಯಾಗಿಯೇ ಕೇಳಿ ತಿಳಿಯಿರಿ; ಆಡಿನ ಮೈ ಈ ಮದ್ದುಗಳನ್ನು ಬೇಗ ಹೊರಹಾಕುವುದರಿಂದ ಕುರಿಯ ಲೆಕ್ಕ ಅದಕ್ಕೆ ಸಾಲುವುದಿಲ್ಲ.

ಎಲ್ಲಕ್ಕೂ ಒಂದೇ ದಿನ ಬೇಡ

ಇಲ್ಲಿ ನನ್ನ ಮಾತು ಅನೇಕರಿಗೆ ರುಚಿಸುವುದಿಲ್ಲ. ಮೇ ತಿಂಗಳ ಕೊನೆಗೆ, ಮಳೆಗೆ ಮುಂಚೆ, ಇಡೀ ಹಿಂಡಿಗೆ ಔಷಧ ಹಾಕಿಬಿಡುವುದು ನಮ್ಮಲ್ಲಿ ರೂಢಿ. ಆದರೆ ಶಿರೂರು, ದೌಂಡ, ಬಾರಾಮತಿಯಂಥ ಮಳೆ ಕಡಿಮೆಯ ಕಡೆ ಬೇಸಿಗೆಯ ಒಣಹುಲ್ಲಿನಲ್ಲಿ ಮರಿಹುಳುಗಳು ಬಹುಪಾಲು ಸತ್ತಿರುತ್ತವೆ. ಹುಳುವಿನ ಬೀಜ ಉಳಿದಿರುವುದು ಕುರಿಗಳ ಹೊಟ್ಟೆಯೊಳಗೆ ಮಾತ್ರ. ಆ ಹೊತ್ತಿನಲ್ಲಿ ಎಲ್ಲ ಹೊಟ್ಟೆಗಳಿಗೂ ಮದ್ದು ಬಿದ್ದರೆ, ಬದುಕುಳಿದ ಮೊಂಡುಹುಳುಗಳ ಮೊಟ್ಟೆಯೇ ಜೂನಿನ ಹೊಸ ಹುಲ್ಲಿಗೆ ಬಿತ್ತನೆಯಾಗುತ್ತದೆ. ಹಿಂಡಿನ ಒಟ್ಟು ಹುಳುಗಳಲ್ಲಿ ದೊಡ್ಡ ಪಾಲು ಕಾಲುಭಾಗದಷ್ಟು ಕುರಿಗಳಲ್ಲೇ ಇರುವುದರಿಂದ ಅಂಥವನ್ನು ಹುಡುಕಿ ಔಷಧ ಹಾಕಿ, ಮೈತುಂಬಿಕೊಂಡ ದೊಡ್ಡ ಕುರಿಗಳನ್ನು ಹಾಗೆಯೇ ಬಿಟ್ಟರೆ ಮದ್ದು ಕಾಣದ ಹುಳುಗಳೂ ಹುಲ್ಲಿನಲ್ಲಿ ಉಳಿದು ಮೊಂಡುಹುಳುವಿನ ವಂಶವನ್ನು ತೆಳುವಾಗಿಸುತ್ತವೆ.

ಹುಡುಕುವುದಕ್ಕೆ ಕಣ್ಣೇ ಸಾಕು. ಹಗಲು ಬೆಳಕಿನಲ್ಲಿ ಮೇಲಿನ ರೆಪ್ಪೆಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ, ಕೆಳರೆಪ್ಪೆಯನ್ನು ಎಳೆದು ಒಳಬಣ್ಣ ನೋಡಿ. ದಕ್ಷಿಣ ಆಫ್ರಿಕಾದಲ್ಲಿ ರೂಪುಗೊಂಡ ಫಮಾಚಾ ಪಟ್ಟಿಯಲ್ಲಿ ಐದು ದರ್ಜೆಗಳಿವೆ: ಒಂದು ಎಂದರೆ ಕೆಂಪು, ಐದು ಎಂದರೆ ಸುಣ್ಣದಂಥ ಬಿಳುಪು. ನಾಲ್ಕು, ಐದಕ್ಕೆ ಔಷಧ ತಪ್ಪಿಸುವಂತಿಲ್ಲ. ಮೂರು ಬಂದರೆ ಮರಿ, ಗಬ್ಬದ ಕುರಿ, ಬಾಣಂತಿ ಕುರಿಗಳಿಗೆ ಕೊಡುವುದು ಕ್ಷೇಮ. ಜುಲೈಯಿಂದ ಅಕ್ಟೋಬರಿನವರೆಗೆ ಎರಡು ವಾರಕ್ಕೊಮ್ಮೆ ನೋಡಬೇಕು. ಲಿವರ್ ಹುಳುವಿನಿಂದಲೂ ಕಣ್ಣು ಬಿಳಿಚುತ್ತದೆ, ಆದ್ದರಿಂದ ಕೆರೆಯಂಚಿನಲ್ಲಿ ಮೇಯುವ ಹಿಂಡಾದರೆ ವೈದ್ಯರಿಗೆ ಅದನ್ನೂ ಹೇಳಿ.

ಅದೇ ಕುರಿ ಒಂದೇ ಮಳೆಗಾಲದಲ್ಲಿ ಮೂರನೆಯ ಸಲ ಬಿಳಿಚಿದರೆ ಅದರ ಮರಿಯನ್ನು ತಳಿಗೆ ಉಳಿಸಿಕೊಳ್ಳಬೇಡಿ, ಏಕೆಂದರೆ ಹುಳು ತಡೆಯುವ ಶಕ್ತಿ ಸ್ವಲ್ಪಮಟ್ಟಿಗೆ ವಂಶದಿಂದ ಬರುವಂಥದ್ದು. ಫಲಟಣದ ನಿಂಬಕರ್ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ದಖ್ಖನಿ ಮತ್ತು ನಮ್ಮ ಬನ್ನೂರು ಕುರಿಗಳನ್ನು ಸುಂದರಬನದ ಗರೋಲ್ ತಳಿಯೊಂದಿಗೆ ಕೂಡಿಸಿದಾಗ ಆ ಮಿಶ್ರತಳಿಯ ಮರಿಗಳ ಹಿಕ್ಕೆಯಲ್ಲಿ ಮೊಟ್ಟೆ ಕಡಿಮೆ ಕಂಡುಬಂದಿದೆ.

ಚಾಕಣದ ಸಂತೆಯಿಂದ ಟಗರು ತಂದರೆ ನೇರವಾಗಿ ಹಿಂಡಿಗೆ ಬಿಡಬೇಡಿ. ಬೇರೆಯವರ ಮೊಂಡುಹುಳು ನಿಮ್ಮ ಹುಲ್ಲಿಗೆ ಬರುವ ದಾರಿ ಅದು. ಗಟ್ಟಿನೆಲದ ಮೇಲೆ ಬೇರೆ ಕಟ್ಟಿ, ವೈದ್ಯರು ಹೇಳಿದ ಎರಡು ಬೇರೆ ಬೇರೆ ಗುಂಪಿನ ಮದ್ದನ್ನು ಕೊಟ್ಟು, ಹದಿನಾಲ್ಕನೆಯ ದಿನ ಅದರ ಹಿಕ್ಕೆ ನೋಡಿಸಿ. ಆ ದಿನಗಳ ಹಿಕ್ಕೆಯನ್ನು ಗುಡಿಸಿ ತಿಪ್ಪೆಗೆ ಹಾಕಬೇಕೇ ಹೊರತು ಮೇವಿನ ಹೊಲಕ್ಕಲ್ಲ. ಶಿರೂರಿನ ಅಕ್ಕನವರು ಹೊಸ ಟಗರನ್ನು ಈಗ ಬಚ್ಚಲಿನ ಪಕ್ಕದ ಕಲ್ಲುಹಾಸಿನ ಮೇಲೆ ಕಟ್ಟಿದ್ದಾರೆ. ಗೋಡೆಯ ಮೇಲೆ ಇದ್ದಿಲಿನಿಂದ ಎಳೆದ ಒಂಬತ್ತು ಗೆರೆಗಳಿವೆ, ಇನ್ನೂ ಐದು ಬಾಕಿ.