ಅಂಟು ಆಲ್ಬಮ್‌ನಿಂದ ಹಳೇ ಡ್ಯಾನ್ಸ್ ಫೋಟೋಗಳನ್ನು ಬಿಡಿಸಿದ್ದು

ನನ್ನ ಹೆಂಡತಿಯ ಅಜ್ಜ, ಅಜ್ಜಿ ನ್ಯೂಯಾರ್ಕಿನ ಹಾರ್ಲೆಮ್‌ನವರು. ಅಲ್ಲಿನ ಸವಾಯ್ ಬಾಲ್‌ರೂಮ್ ಎಂಬ ಡ್ಯಾನ್ಸ್ ಹಾಲ್ 1926ರಿಂದ 1958ರವರೆಗೆ ನಡೆಯಿತು. ಅಲ್ಲಿ ಅವರು ಲಿಂಡಿ ಹಾಪ್ ಎಂಬ ಜೋಡಿ ಡ್ಯಾನ್ಸ್ ಕುಣಿದ ಕಪ್ಪು-ಬಿಳುಪು ಫೋಟೋಗಳು ಅಂಟು ಹಾಳೆಯ ಆಲ್ಬಮ್‌ಗೆ ಕಚ್ಚಿಕೊಂಡಿದ್ದವು.

ಸುಮ್ನೆ ಎಳೆದರೆ ಹರಿಯುತ್ತದೆ. ಹಲ್ಲುಸಂದಿಗೆ ಬಳಸುವ, ಮೇಣ ಇಲ್ಲದ ಫ್ಲಾಸ್ ದಾರವನ್ನು ಫೋಟೋ ಹಿಂದೆ ತೂರಿಸಿ ಗರಗಸದ ಹಾಗೆ ಮೆಲ್ಲಗೆ ಆಡಿಸಿದೆ. ಬಹುತೇಕ ಬಿಟ್ಟುಕೊಂಡವು. ಬಿಡದವನ್ನು ಹಾಳೆ ಸಮೇತ ಸ್ಕ್ಯಾನ್ ಮಾಡಿದೆ.

ಕಪ್ಪು-ಬಿಳುಪು ಫೋಟೋ ಅಂತ ಗ್ರೇ ಮೋಡ್ ಹಾಕಬೇಡಿ. ಕಲರ್‌ನಲ್ಲೇ ಸ್ಕ್ಯಾನ್ ಮಾಡಿ. ಫೋಟೋ ಚಿಕ್ಕದಾದರೆ 1200 ಡಿಪಿಐ (ಇಂಚಿಗೆ 1200 ಚುಕ್ಕೆ) ಇರಲಿ. ಆಮೇಲೆ ಗಿಂಪ್ ಎಂಬ ಫೋಟೋ ತಿದ್ದುವ ಸಾಫ್ಟ್‌ವೇರ್‌ನಲ್ಲಿ ಡಿಕಂಪೋಸ್ ಒತ್ತಿ ಬಣ್ಣದ ಚಾನೆಲ್‌ಗಳನ್ನು, ಅಂದರೆ ಕೆಂಪು, ಹಸಿರು, ನೀಲಿ ಪದರಗಳನ್ನು, ಬೇರೆ ಮಾಡಿ. ಹಳದಿ ಕಲೆ ನೀಲಿ ಚಾನೆಲ್‌ನಲ್ಲಿ ಕಪ್ಪಗೆ ಎದ್ದು ಕಾಣುತ್ತದೆ, ಕೆಂಪಿನಲ್ಲಿ ಹೆಚ್ಚುಕಮ್ಮಿ ಮಾಯ! ನಾನು ಕೆಂಪನ್ನೇ ಇಟ್ಟುಕೊಂಡೆ. ಅರ್ಧ ಕೆಲಸ ಅಲ್ಲೇ ಮುಗಿಯಿತು. ಉಳಿದ ಗೀರು, ಚುಕ್ಕೆಗಳಿಗೆ, ಪಕ್ಕದ ಭಾಗ ನೋಡಿ ಕಲೆ ಮುಚ್ಚುವ ಅದರ ಹೀಲ್ ಟೂಲ್ ಸಾಕು.

ಒಂದು ಎಐ ಆಪ್‌ಗೂ ಕೊಟ್ಟು ನೋಡಿದೆ. ಹಿಂದೆ ಕೂತ ಬ್ಯಾಂಡಿನವರ ಟ್ರಾಂಬೋನ್ ಕೊಳವೆ ಅರ್ಧಕ್ಕೇ ನಿಂತಿತ್ತು, ಅಜ್ಜಿಗೆ ಇನ್ಯಾರದೋ ಮುಖ. ಗಾಳಿಯಲ್ಲಿದ್ದ ಅಜ್ಜಿಯ ಕಾಲಿನ ಮಸುಕನ್ನೂ ಅದು ತಿದ್ದಿಬಿಟ್ಟಿತ್ತು. ಕುಣಿತದ ವೇಗ ಇರುವುದೇ ಆ ಮಸುಕಿನಲ್ಲಿ ಅಲ್ವಾ? ಆಪ್ ತೆಗೆದುಹಾಕಿ, ಮಸುಕನ್ನು ಹಾಗೇ ಉಳಿಸಿದೆ. ಮೂಲ ಪ್ರಿಂಟ್‌ಗಳನ್ನು ಆಸಿಡ್ ಇಲ್ಲದ ಕಾಗದದ ಲಕೋಟೆಗಳಿಗೆ ಹಾಕಿದ್ದೇನೆ.